ಧನಪಾಲನ ಗರಗರ

ಆ ಡಬ್ಬದ ಹಿಂಬದಿಯಲ್ಲಿ, ಹಳೇ ರೇಡಿಯೋಗಳಲ್ಲಿರುವಂಥ ನಾಲ್ಕು ಗಾಜಿನ ವಾಲ್ವುಗಳಿದ್ದವು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಅವುಗಳೊಳಗೆ ಮೊದಲು ಚಿಟಿಕೆ ಕುಂಕುಮದಷ್ಟು ಕೆಂಪು ಕಾಣಿಸಿಕೊಂಡು, ಆಮೇಲೆ ನಿಧಾನವಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ ಉರಿಯುತ್ತಿತ್ತು. ಅಷ್ಟಾಗುವವರೆಗೆ ನಾವು ಯಾರೂ ತಂತಿ ಮುಟ್ಟುತ್ತಿರಲಿಲ್ಲ. ಮಂಗಳಾರತಿಗೆ ಕಾಯುವವರ ಹಾಗೆ ಕೈಕಟ್ಟಿ ನಿಂತಿರುತ್ತಿದ್ದೆವು. ಈಗ ನೆನೆದರೆ ನಗು ಬರುತ್ತದೆ. ನಗುವಿನ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆಯೂ ಬರುತ್ತದೆ.

ಡಬ್ಬ ಎಂದರೆ ಗಿಟಾರಿನ ಆಂಪ್ಲಿಫೈಯರ್. ನಮ್ಮ ಬಳಗದಲ್ಲಿ ಅದಕ್ಕೆ ಅದೇ ಹೆಸರು. ನಾನು ಹೇಳುತ್ತಿರುವುದು ಧನಪಾಲನ ಡಬ್ಬದ ಮಾತು. ಊರಿನ ಹಳೆಯ ಕ್ಲಬ್ಬಿಗೆ ಬೀಗ ಬಿದ್ದಾಗ, ಅಲ್ಲಿ ಗುಮಾಸ್ತನಾಗಿದ್ದ ಅವನ ಸೋದರಮಾವ ಅದನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದು ಹಾಕಿದ್ದರು. ಅದರ ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಕಾಗದದ ಪರದೆಯನ್ನು ಇಲಿ ಕಡಿದಿತ್ತು. ಮಾವ ಮೈದಾ ಅಂಟು ಕಲಸಿ, ಹಳೇ ಪೇಪರಿನ ಚೂರು ಹಚ್ಚಿ, ತೇಪೆ ಹಾಕಿದ್ದರು. ಆ ತೇಪೆ ಅರ್ಧ ಹಿಡಿದುಕೊಂಡು ಅರ್ಧ ಬಿಟ್ಟುಕೊಂಡು, ಧನಪಾಲ ಒಂದು ತಂತಿ ಎಳೆದರೆ ಸಾಕು, ಬಿಸಿ ಮರಳಿನಲ್ಲಿ ಕಡಲೆಕಾಯಿ ಹುರಿದ ಹಾಗೆ ಗರಗರ ಎನ್ನುತ್ತಿತ್ತು. ಆ ಗರಗರದ ಅಡಿಯಿಂದ ಸ್ವರ ಅಳುತ್ತಾ ಮೇಲೆ ಬರುತ್ತಿತ್ತು. ಮೊದಲ ಸಲ ಅದನ್ನು ಕೇಳಿದ ದಿನ ನನ್ನ ಮೈ ಜುಮ್ಮೆಂದಿತು. ಹೊಟ್ಟೆಕಿಚ್ಚು ಶುರುವಾದದ್ದೂ ಆ ದಿನವೇ.

ನಾವು ಮೂವರು. ಧನಪಾಲ ಮುಖ್ಯ ಗಿಟಾರು, ಐಸಾಕ್ ಡ್ರಮ್ಮು, ನಾನು ಎರಡನೇ ಗಿಟಾರು. ಐಸಾಕನ ಅಪ್ಪ ಕಾರು ಮಾರಿದ್ದರಿಂದ ಖಾಲಿಯಾದ ಶೆಡ್ಡು ನಮ್ಮ ಪಾಲಿಗೆ ಬಂದಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಬಾಗಿಲಿಗೆ ಹಳೇ ರಜಾಯಿ ಇಳಿಬಿಟ್ಟು, ಅದನ್ನೇ ಸ್ಟುಡಿಯೋ ಎನ್ನುತ್ತಿದ್ದೆವು. ಇಂಥ ಶೆಡ್ಡುಗಳಲ್ಲೇ ಹುಟ್ಟಿದ, ಕಲಿತವರು ಕಿವಿ ಮುಚ್ಚಿಕೊಳ್ಳುವ ಗರಾಜ್ ರಾಕ್ ಎಂಬ ಗದ್ದಲ ನಮ್ಮ ತಲೆಗೇರಿತ್ತು. ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕು ಹಿಡಿಯುವ ರೆಕಾರ್ಡರ್ ನನ್ನದು. ರಿಪೇರಿಯ ಕೆಲಸವೂ ನನ್ನದೇ. ಬೆಸುಗೆ ಹಾಕುವ ಕೈ ನನಗೆ ದೇವರು ಕೊಟ್ಟಿದ್ದ. ಬಾರಿಸುವ ಕೈಯನ್ನು ಧನಪಾಲನಿಗೆ ಕೊಟ್ಟುಬಿಟ್ಟಿದ್ದ. ಅವನು ಹಾಡಿನ ಜೀವ ಎಳೆಯುತ್ತಿದ್ದರೆ ನಾನು ಹಿಂದೆ ನಿಂತು ಚಕ್ಕಚಕ್ಕ ಎಂದು ತಾಳ ತುಂಬುತ್ತಿದ್ದೆ.

ನಮಗೆ ಒಂದು ಮಡಿ ಇತ್ತು. ಒಬ್ಬನ ಡಬ್ಬಕ್ಕೆ ಇನ್ನೊಬ್ಬ ವೈರು ಚುಚ್ಚುವ ಹಾಗಿರಲಿಲ್ಲ. ಎಂಜಲು ತಟ್ಟೆಯಲ್ಲಿ ಉಂಡಷ್ಟೇ ಅಸಹ್ಯ ಅದು. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ, ನಾವಂತೂ ಕಟ್ಟುನಿಟ್ಟಾಗಿ ನಡೆಸುತ್ತಿದ್ದೆವು. ಇನ್ನೊಂದು ಹುಚ್ಚೆಂದರೆ 'ಒರಿಜಿನಲ್' ಎಂಬ ಮಾತು. ಹಳೆಯ ಸಾಮಾನು ಯಾವುದೇ ಸಿಗಲಿ, ಅದರ ಸ್ಕ್ರೂ ಒರಿಜಿನಲ್ಲೋ, ಗುಂಡಿ ಒರಿಜಿನಲ್ಲೋ ಎಂದು ನಾನು ಹಳೇ ಕ್ಯಾಟಲಾಗು ಹಿಡಿದುಕೊಂಡು ವಾದ ಮಾಡುತ್ತಿದ್ದೆ. ಧನಪಾಲನಿಗೆ ಇದ್ಯಾವುದೂ ಬೇಕಿರಲಿಲ್ಲ. ತನ್ನ ಡಬ್ಬದ ಹಿಂದೆ ಏನಿದೆ ಎಂದು ಅವನು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಹೀಗಿರುವಾಗ ದೂರದ ಊರಿನ ಒಂದು ಸಣ್ಣ ರೆಕಾರ್ಡ್ ಕಂಪನಿಯಿಂದ ಕಾಗದ ಬಂತು. ಅವರು ಶೆಡ್ಡುಗಳಲ್ಲಿ ಬಾರಿಸುವವರ ಹಾಡುಗಳನ್ನು ಕಲೆಹಾಕಿ ಒಂದು ಎಲ್.ಪಿ. ತರುತ್ತಿದ್ದರು. ತಂಡಕ್ಕೊಂದು ಹಾಡು. ಮೂರು ತಿಂಗಳೊಳಗೆ ನಮ್ಮ ಟೇಪು ತಲುಪಬೇಕಿತ್ತು. ಧನಪಾಲ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಮತ್ತೆ ತೆಗೆದು ಓದಿದ.

"ಒಂದೇ ಒಂದು ಹಾಡು ಸಾಕು ಕಣೋ ನಂಗೆ," ಎಂದ. "ನಾನು ಸತ್ತು ಎಷ್ಟೋ ವರ್ಷ ಆದ್ಮೇಲೆ ಯಾವನೋ ಎಲ್ಲೋ ಕೂತ್ಕೊಂಡು ಸೂಜಿ ಇಟ್ರೆ, ನಾನು ಗರಗರ ಅನ್ಬೇಕು. ಇನ್ನೇನೂ ಬೇಡ."

"ಸಾಯೋ ಮಾತು ಯಾಕೋ ಈಗ? ಮೊದ್ಲು ಟ್ಯೂನ್ ಮಾಡು," ಎಂದು ಐಸಾಕ್ ಗದರಿದ.

ಮೂರನೇ ವಾರ ಧನಪಾಲನ ಬೈಕು ಜಲ್ಲಿಯ ಮೇಲೆ ಜಾರಿತು. ಎಡಗೈ ಮಣಿಕಟ್ಟು ಮುರಿಯಿತು. ತಂತಿ ಒತ್ತುವ ಕೈ ಅದು. ಆರು ವಾರ ಪ್ಲಾಸ್ಟರು. ಬಿಚ್ಚಿದ ಮೇಲೆ ನಮಗೆ ಮೂರು ಭಾನುವಾರ ಉಳಿಯುತ್ತಿತ್ತು. "ಅಷ್ಟು ಸಾಕು, ಒಂದೇ ಸಲಕ್ಕೆ ಬಾರಿಸಿ ಬಿಸಾಕ್ತೀನಿ," ಎಂದು ಅವನು ಆಸ್ಪತ್ರೆಯ ಮಂಚದ ಮೇಲೇ ನಕ್ಕಿದ್ದ.

ಆ ಆರು ವಾರಗಳಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಮುಚ್ಚಿಹೋದ ಒಂದು ರೇಡಿಯೋ ಅಂಗಡಿಯ ಅಟ್ಟದಲ್ಲಿ ನನಗೊಂದು ಸ್ಪೀಕರು ಸಿಕ್ಕಿತು. ಧನಪಾಲನ ಡಬ್ಬದಲ್ಲಿದ್ದ ಕಂಪನಿಯದೇ, ಅದೇ ಕಾಲದ್ದೇ, ಪೆಟ್ಟಿಗೆಯ ದಾರವನ್ನೂ ಯಾರೂ ಬಿಚ್ಚಿರಲಿಲ್ಲ. ಒರಿಜಿನಲ್! ಗೆಳೆಯ ವಾಸಿಯಾಗಿ ಬರುವಷ್ಟರಲ್ಲಿ ಅವನ ಡಬ್ಬವನ್ನು ಹುಟ್ಟಿದ ದಿನ ಹೇಗಿತ್ತೋ ಹಾಗೆ ಮಾಡಿ ಮುಂದಿಡಬೇಕು ಎಂದುಕೊಂಡೆ. ಶೆಡ್ಡಿನಲ್ಲಿ ಒಬ್ಬನೇ ಕೂತು ಹಿಂಬದಿಯ ಹಲಗೆ ಬಿಚ್ಚಿದೆ. ಸೋರುತ್ತಿದ್ದ ಕಂಡೆನ್ಸರುಗಳನ್ನು ಬದಲಾಯಿಸಿದೆ, ಧೂಳು ಒರೆಸಿದೆ, ಇಲಿ ಕಡಿದ ಸ್ಪೀಕರು ತೆಗೆದು ಹೊಸದನ್ನು ಕೂರಿಸಿದೆ. ಸ್ಪೀಕರು ಮುಚ್ಚುವ ಮುಂದಿನ ಬಟ್ಟೆ ಹಳೆಯದೇ ಇತ್ತು. ಹೊರಗಿನಿಂದ ನೋಡಿದರೆ ಯಾರಿಗೂ ಏನೂ ತಿಳಿಯುವ ಹಾಗಿರಲಿಲ್ಲ. ಮಡಿಯ ಭಯಕ್ಕೆ ನಾನು ವೈರು ಚುಚ್ಚಿ ನುಡಿಸಿ ನೋಡಲಿಲ್ಲ, ಗರಗರವೆಲ್ಲ ಆ ತೇಪೆಯದೇ ಎಂದು ನನಗೆ ಹೊಳೆಯಲೂ ಇಲ್ಲ.

ಇಲ್ಲಿಯವರೆಗೆ ನಾನು ಮಾಡಿದ್ದು ಪ್ರೀತಿಯಿಂದಲೇ. ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ನಮ್ಮಂಥ ಹುಚ್ಚರಲ್ಲದೆ ಬೇರೆ ಯಾರೂ ಇಂಥ ಕೆಲಸ ಮಾಡುವುದಿಲ್ಲ ಎನ್ನುವುದು ಬೇರೆ ಮಾತು.

ಪ್ಲಾಸ್ಟರು ಬಿಚ್ಚಿದ ನಂತರದ ಭಾನುವಾರ ಬೆಳಿಗ್ಗೆ ಧನಪಾಲ ಬಂದ. ಕೈ ಬಿಳಿಚಿ ಸಣ್ಣಗಾಗಿತ್ತು. ಡಾಕ್ಟರು ಎಲುಬು ಚೆನ್ನಾಗಿ ಕೂಡಿದೆ ಎಂದಿದ್ದರಂತೆ. ವಾಲ್ವುಗಳು ಕೆಂಪಗಾಗಿ ಕಿತ್ತಳೆಯಾಗುವುದನ್ನು ಮೂವರೂ ಕಾದೆವು. ಅವನು ಒಂದೆರಡು ಸ್ವರ ನುಡಿಸಲಿ, ಮುಖ ಅರಳಲಿ, ಆಗ ಹೇಳೋಣ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಅವನು ನುಡಿಸಿದ. ಸ್ವರ ಬಂತು. ಶುದ್ಧವಾಗಿ, ದುಂಡಗೆ, ತೊಳೆದಿಟ್ಟ ಲೋಟದ ಹಾಗೆ. ಗರಗರ ಇರಲಿಲ್ಲ. ಅಳು ಇರಲಿಲ್ಲ. ಮದುವೆ ಮನೆಯ ಆರ್ಕೆಸ್ಟ್ರಾದವನು ಮೈಕು ಪರೀಕ್ಷೆ ಮಾಡಿದಂತಿತ್ತು. ಅವನು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಮತ್ತೆ ನುಡಿಸಿದ. ಇನ್ನೂ ಒತ್ತಿ ನುಡಿಸಿದ. ನೋವಿಗೆ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಆಮೇಲೆ ಅವನು ಡಬ್ಬದ ಕಡೆ ನೋಡಲಿಲ್ಲ. ತನ್ನ ಮಣಿಕಟ್ಟು ನೋಡಿಕೊಂಡ.

"ಕೈ ಹೋಯ್ತು ಕಣೋ," ಎಂದ.

ನನ್ನ ಬಾಯಿ ತೆರೆದೇ ಇತ್ತು. "ಲೋ, ಕೈಗೇನೂ ಆಗಿಲ್ಲ, ಸ್ಪೀಕರು ಬದಲಾಯಿಸಿದೀನಿ" ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಐಸಾಕ್, "ಹೆದರಬೇಡ ಮಾರಾಯ, ಹೊಸದರಲ್ಲಿ ಹಂಗೇ. ಇಲ್ಲಾಂದ್ರೆ ಈ ಸಲ ಇವ್ನೇ ನಿನ್ನ ಪಾರ್ಟು ಬಾರಿಸ್ತಾನೆ. ಆರು ವಾರದಿಂದ ಮನೇಲಿ ಅದನ್ನೇ ಪ್ರಾಕ್ಟೀಸ್ ಮಾಡ್ತಿದಾನೆ," ಎಂದು ನನ್ನ ಕಡೆ ಬೆರಳು ತೋರಿಸಿದ.

ಅದು ನಿಜವಾಗಿತ್ತು. ಅವನಿಲ್ಲದ ಆರು ವಾರ ಅವನ ಒಂದೊಂದು ಎಳೆತವನ್ನೂ ನಾನು ಕದ್ದು ಕಲಿತಿದ್ದೆ. ಐಸಾಕನ ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಬಂದ ಮಾತೇ ಬೇರೆ.

"ಇನ್ನೊಂದು ವಾರ ನೋಡೋಣ ಬಿಡು. ಎಲುಬು ಕೂಡಿದ್ರೂ ನರ ಸರಿಹೋಗೋಕೆ ಟೈಮ್ ಬೇಕಲ್ಲ," ಎಂದೆ.

ನರ! ನನಗೇನು ಗೊತ್ತಿತ್ತು ನರದ ವಿಷಯ? ನನ್ನ ನಾಲಿಗೆಗೆ ಬೆಂಕಿ ಬೀಳಬೇಕಿತ್ತು ಆ ಹೊತ್ತಿಗೆ.

ಮುಂದಿನ ಭಾನುವಾರವೂ ಅವನು ಬಂದ. ಬೆರಳುಗಳಿಗೆ ಎಣ್ಣೆ ತಿಕ್ಕಿಕೊಂಡು, ಬಿಸಿನೀರಿನ ಶಾಖ ಕೊಟ್ಟುಕೊಂಡು ಬಂದಿದ್ದ. ಅದೇ ತೊಳೆದ ಲೋಟ. ನನ್ನ ಡಬ್ಬಕ್ಕೆ ಒಮ್ಮೆ ವೈರು ಚುಚ್ಚಿ ನೋಡಿದ್ದರೆ ಅವನಿಗೆ ಅನುಮಾನ ಬರುತ್ತಿತ್ತೋ ಏನೋ. ಆದರೆ ನಮ್ಮ ಮಡಿ ಇತ್ತಲ್ಲ. ಅವನು ಕೇಳಲಿಲ್ಲ, ನಾನು ಕರೆಯಲಿಲ್ಲ. ಆ ದಿನ ಅವನು ಗಿಟಾರನ್ನು ಚೀಲಕ್ಕೆ ಹಾಕಿ, ಎಡಗೈಯಿಂದ ಚೀಲ ಹಿಡಿಯದೆ ಬರೀ ಬಲಗೈಯಲ್ಲೇ ಜಿಪ್ಪು ಎಳೆದ.

"ನೀನೇ ಬಾರಿಸ್ಬಿಡೋ. ಟೇಪಂತೂ ಹೋಗ್ಲೇಬೇಕು. ನನ್ನಿಂದ ನಿಮ್ಮಿಬ್ಬರ ಹಾಡು ಯಾಕೆ ಹಾಳಾಗ್ಬೇಕು?" ಎಂದ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿ ಎನಿಸಿಕೊಳ್ಳುತ್ತಿದ್ದೆ. ಇಲಿ ಕಡಿದ ಸ್ಪೀಕರು ನಮ್ಮ ಮನೆಯಲ್ಲಿ ಮಂಚದ ಕೆಳಗಿತ್ತು. ಅದನ್ನು ತೆಗೆದು ನನ್ನ ಡಬ್ಬದೊಳಗೆ ಕೂರಿಸಿದೆ. ಕೊನೆಯ ಭಾನುವಾರ ಶೆಡ್ಡಿನಲ್ಲಿ ನನ್ನ ವಾಲ್ವುಗಳು ಕಿತ್ತಳೆಯಾಗಿ ಉರಿದಾಗ, ನಾನು ಧನಪಾಲನ ಎಳೆತಗಳನ್ನು ಧನಪಾಲನ ಗರಗರದಲ್ಲೇ ನುಡಿಸಿದೆ. ಐಸಾಕ್ ಕಡ್ಡಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ಕೂತ.

"ಥೂ ನಿನ್ನ! ಥೇಟ್ ಧನಪಾಲನೇ ಕಣೋ! ಹೆಂಗೆ ಮಾಡ್ದೆ?"

"ಪ್ರಾಕ್ಟೀಸು," ಎಂದೆ.

ಎಲ್.ಪಿ. ಬಂತು. ಇಪ್ಪತ್ತು ತಂಡಗಳ ನಡುವೆ ನಮ್ಮ ಹಾಡನ್ನೇ ಜನ ಹಿಡಿದುಕೊಂಡರು. ಎಲ್ಲೆಲ್ಲಿಂದಲೋ ಹುಚ್ಚರು ಕಾಗದ ಬರೆದರು: ಆ ಗರಗರ ಹೇಗೆ ಬಂತು, ಯಾವ ವಾಲ್ವು, ಯಾವ ಸ್ಪೀಕರು, ಮೈಕು ಎಷ್ಟು ದೂರ ಇಟ್ಟಿದ್ದಿರಿ? ನಾನು ಪುಟಗಟ್ಟಲೆ ಉತ್ತರ ಬರೆದೆ. ಮೈದಾ ಅಂಟಿನ ವಿಷಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ.

ಧನಪಾಲನಿಗೆ ಒಂದು ಪ್ರತಿ ಕೊಡಲು ಹೋದೆ. ಕೊಡದಿದ್ದರೆ ಐಸಾಕ್ ಕೊಡುತ್ತಿದ್ದ. ಅವನು ಸೂಜಿ ಇಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಎದ್ದು ಬಂದು ನನ್ನನ್ನು ತಬ್ಬಿಕೊಂಡ.

"ನನ್ನ ಕೈ ಹೋದ್ರೆ ಹೋಗ್ಲಿ ಬಿಡು. ಸೌಂಡು ನಿನ್ನ ಹತ್ರ ಉಳೀತಲ್ಲ, ಅಷ್ಟು ಸಾಕು," ಎಂದ. ಅವನ ಕೆನ್ನೆ ಒದ್ದೆಯಾಗಿತ್ತು. ಹೊರಡುವಾಗ ತನ್ನ ಗಿಟಾರನ್ನು ನನಗೇ ಹೊರಿಸಿ ಕಳಿಸಿದ, ಶೆಡ್ಡಿನಲ್ಲಿದ್ದ ಡಬ್ಬವನ್ನೂ ನನಗೇ ಬಿಟ್ಟುಕೊಟ್ಟ. ನಾನು ಬೇಡವೆನ್ನಲಿಲ್ಲ. ಬೇಡವೆಂದರೆ ಯಾಕೆ ಎಂದು ಕೇಳುತ್ತಾನಲ್ಲ ಎಂಬ ಭಯ.

ಆಮೇಲೆ ನಾನು ಅವನ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟೆ. ಅವನಿಗೆ ಮದುವೆಯಾಯಿತು, ಹೆಂಡತಿಯ ತಂದೆಯ ಕಬ್ಬಿಣದ ಅಂಗಡಿಯಲ್ಲಿ ಕೂತ ಎಂಬ ಸುದ್ದಿಯೆಲ್ಲ ಐಸಾಕನ ಬಾಯಿಂದ ಬರುತ್ತಿತ್ತು. "ಹಾಡಿನ ಸುದ್ದಿ ಎತ್ತಿದ್ರೆ ನಗ್ತಾನೆ ಅಷ್ಟೆ," ಎನ್ನುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೇ ಕಳೆದವು. ಒಂದು ದಿನ ನನ್ನ ಡಬ್ಬದೊಳಗಿನ ಆ ಸ್ಪೀಕರು ಪೂರ್ತಿ ಕೈಕೊಟ್ಟಿತು. ಬಿಚ್ಚಿದರೆ ತೇಪೆ, ಅಂಟು, ಕಾಗದ ಎಲ್ಲ ಹಪ್ಪಳದ ಹಾಗೆ ಪುಡಿಪುಡಿಯಾಗಿ ಅಂಗೈಗೆ ಉದುರಿತು. ನಾನು ಅವನ ಹತ್ತಿರ ಹೋದದ್ದು ಅದರ ಮಾರನೆಯ ದಿನ. ಹಿಂತಿರುಗಿಸಿ ಕೊಡಲು ಏನೂ ಉಳಿಯದಿದ್ದಾಗ ತಪ್ಪೊಪ್ಪಿಕೊಳ್ಳುವುದು ಸುಲಭ. ನನ್ನ ಪಶ್ಚಾತ್ತಾಪದ ಯೋಗ್ಯತೆ ಅಷ್ಟೆ.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಧನಪಾಲ ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. "ಓಹೋ, ದೊಡ್ಡ ಮನುಷ್ಯರು! ದಾರಿ ತಪ್ಪಿ ಬಂದ್ರೋ ಹೆಂಗೆ?" ಎಂದು ಸ್ಟೂಲು ಎಳೆದ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಅಟ್ಟದ ಸ್ಪೀಕರಿನಿಂದ ಹಿಡಿದು, ಮಂಚದ ಕೆಳಗಿನ ಸ್ಪೀಕರಿನವರೆಗೆ. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದರೆ ಸಾಕಪ್ಪ ಎಂದೇ ಹೋಗಿದ್ದೆ.

ಅವನು ತನ್ನ ಎಡಗೈಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಯಾರದೋ ವಸ್ತುವನ್ನು ನೋಡುವಂತೆ ನೋಡಿದ.

"ಹಂಗಾದ್ರೆ ಇದಕ್ಕೇನೂ ಆಗಿರ್ಲಿಲ್ವಾ?" ಎಂದು ಕೇಳಿದ.

"ಇಲ್ಲ."

"ಅವತ್ತೂ?"

"ಅವತ್ತೂ ಚೆನ್ನಾಗೇ ಇತ್ತು ಕಣೋ."

"ನಾನು ನನ್ನ ಮಗಳನ್ನ ಈ ಕೈಯಲ್ಲಿ ಒಂದು ಸಲಾನೂ ಎತ್ಕೊಂಡಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವನ ಗಲಿಬಿಲಿಯಿತ್ತು. "ಕೈ ಸೋತು ಎಲ್ಲಿ ಬೀಳಿಸ್ಬಿಡ್ತೀನೋ ಅಂತ ಭಯ. ಅವಳು ಎಡಗಡೆಯಿಂದ ಓಡಿ ಬಂದ್ರೆ 'ಈ ಕಡೆ ಬಾಮ್ಮಾ' ಅಂತಿದ್ದೆ. ಈಗ ಅವಳಿಗೆ ಹದಿನೇಳು."

ನಾನು ಏನೋ ಹೇಳಲು ಹೋದೆ. ಅವನು ಬೇಡವೆಂದು ತಲೆಯಾಡಿಸಿದ. ತಕ್ಕಡಿಯ ಪಕ್ಕದಲ್ಲಿ ಐದು ಕಿಲೋದ ಕಬ್ಬಿಣದ ಬಟ್ಟು ಇತ್ತು. ಅವನು ಎಡಗೈ ಚಾಚಿ ಅದರ ಹಿಡಿಯನ್ನು ಹಿಡಿದು ಎತ್ತಿದ. ಭುಜದ ಮಟ್ಟಕ್ಕೆ ತಂದು, ತೋಳು ನೆಟ್ಟಗೆ ಚಾಚಿ, ಹಾಗೇ ಹಿಡಿದುಕೊಂಡ. ಹಣೆಯಲ್ಲಿ ಬೆವರು ಮೂಡಿತು, ಕತ್ತಿನ ನರ ಉಬ್ಬಿತು. ನಾನು ಅಲ್ಲಿ ನಿಂತಿದ್ದೇನೆ ಎಂಬುದು ಅವನಿಗೆ ಮರೆತೇಹೋಗಿತ್ತು. ಮೊಳೆ ಕೊಳ್ಳಲು ಬಂದ ಮುದುಕನೊಬ್ಬ ಮೆಟ್ಟಿಲ ಮೇಲೇ ನಿಂತುಬಿಟ್ಟ. ಧನಪಾಲ ಇಳಿಸಲಿಲ್ಲ. ಮಣಿಕಟ್ಟನ್ನೇ ದಿಟ್ಟಿಸುತ್ತಿದ್ದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.