ಹೊರದೇಶಕ್ಕೆ ಹೊರಟ ಕೈಗಡಿಯಾರ

“ಉಡುಗೊರೆ ಅಂತ ಬರೆದುಬಿಡಕ್ಕ. ಯಾರಪ್ಪನ ಗಂಟು ಹೋಗುತ್ತೆ?”

ತಮ್ಮ ಹೀಗೆಂದು ಫಾರಮ್ಮನ್ನು ಹೊಲಿಗೆ ಯಂತ್ರದ ಮೇಲಿಟ್ಟ. ಟೈಲರಮ್ಮ ಪೆನ್ನು ಕೈಗೆತ್ತಿಕೊಂಡಳು, ಆದರೆ ಬರೆಯಲಿಲ್ಲ. ಹೊರದೇಶಕ್ಕೆ ಪಾರ್ಸೆಲ್ ಕಳಿಸುವವರು ತುಂಬಬೇಕಾದ ಫಾರಂ ಅದು. ಕಳಿಸಬೇಕಾಗಿದ್ದದ್ದು ತೀರಿಹೋದ ಗಂಡನ ಕೈಗಡಿಯಾರ.

ಅವಳ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಇಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬರು ‘ಇದರ ಕಥೆ ಮುಗೀತು’ ಎಂದು ಬಿಟ್ಟುಹೋಗಲಿದ್ದ ದೊಡ್ಡ ಹೆಸರಿನ ವಾಚನ್ನು ಅಗ್ಗಕ್ಕೆ ಕೊಂಡಿದ್ದ. ಈ ವರ್ಷ ಒಂದು ಚಕ್ರ, ಮುಂದಿನ ವರ್ಷ ಒಂದು ಸ್ಪ್ರಿಂಗು ಎಂದು ಜೋಡಿಸುತ್ತ ಅದಕ್ಕೆ ಜೀವ ಬರಿಸಿದ. ಬಂಗಾರದ್ದೇನಲ್ಲ, ಉಕ್ಕಿನದೇ. ಆದರೆ ಅಂಥದ್ದು ಈಗ ತಯಾರಾಗುವುದಿಲ್ಲವಂತೆ. ಹಳೆಯ ವಾಚು ಕೂಡಿಡುವ ಹೊರದೇಶದವನೊಬ್ಬ ಕೊಡುತ್ತೇನೆಂದ ಬೆಲೆ ಕೇಳಿ ಟೈಲರಮ್ಮ ಕುರ್ಚಿ ಹುಡುಕಿಕೊಂಡು ಕೂತಿದ್ದಳು. ಆ ದುಡ್ಡು ಬಂದರೆ ಹದಿನಾರು ವರ್ಷದಿಂದ ಬಾಡಿಗೆಗಿದ್ದು ಹೊಲಿಯುತ್ತಿರುವ ಈ ಕೋಣೆ ಅವಳದಾಗುತ್ತದೆ. ಬಾರದಿದ್ದರೆ ಎರಡು ತಿಂಗಳಲ್ಲಿ ಯಂತ್ರ, ಮೇಜು, ಕನ್ನಡಿ ಎಲ್ಲ ಬೀದಿಗೆ. ಮಾಲೀಕ ಮಾರುವುದು ಖಂಡಿತವಾಗಿತ್ತು.

“ಬೆಲೆ ಎಷ್ಟು ಅಂತ ಬರೀಲಿ?” ಎಂದಳು.

“ಗೋಡೆ ಗಡಿಯಾರದ ಬೆಲೆ ಬರಿ. ಆ ಗಿರಾಕಿನೇ ಹೇಳಿದ್ದಾನಲ್ಲ, ಹಾಗೆ ಬರೆದ್ರೆ ಇಬ್ಬರಿಗೂ ತೆರಿಗೆ ಉಳಿಯುತ್ತೆ ಅಂತ. ದುಡ್ಡು ಅವನ ಪರಿಚಯದವರು ಕೈಗೇ ತಂದು ಕೊಡ್ತಾರೆ. ನೀನು ಫಾರಂ ತೋರಿಸಿ ಬಾ. ನಾನು ವಾಚಿಗೆ ಪಾಲಿಶ್ ಹಾಕಿಸ್ತೀನಿ. ಮುಚ್ಚಳದ ಒಳಗೆಲ್ಲ ಭಾವ ಗೀಚಿಟ್ಟಿದ್ದಾರೆ, ಉಜ್ಜಿಸಿಬಿಟ್ರೆ ಹೊಸದರ ಹಾಗಿರುತ್ತೆ.”

ತಮ್ಮ ವ್ಯಾನು ಓಡಿಸುವವನು. ಬೀದಿಯವರೆಲ್ಲ ಅವನನ್ನು ಕರೆಯುವುದು ‘ಅರ್ಜೆಂಟು’ ಎಂದು. ಅವಳು ಉತ್ತರ ಯೋಚಿಸುವಷ್ಟರಲ್ಲಿ ವಾಚು ಜೇಬಿಗಿಳಿಸಿ ಹೊರಟೇ ಹೋದ. ಟೈಲರಮ್ಮ ಅವನು ಹೇಳಿದಂತೆಯೇ ಬರೆದು ಸಹಿ ಹಾಕಿದಳು.

ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೂರುವಾಕೆಗೂ ಟೈಲರಮ್ಮನಿಗೂ ಹಳೆಯ ಪರಿಚಯ. ಆಕೆಯ ಕೆಲಸದ ಕೋಟನ್ನು ಹೊಲಿದವಳು ಇವಳೇ. ಆಕೆ ಫಾರಮ್ಮಿನ ಮೇಲೆ ಬೆರಳೋಡಿಸಿದಳು.

“ಉಡುಗೊರೆ. ಹಳೇ ಗಡಿಯಾರ. ಬೆಲೆ ಇಷ್ಟೇನಾ? ಸರಿ. ವಿಮೆ ಮಾಡ್ಬೇಕಾ?”

“ಮಾಡ್ಲೇಬೇಕು ಮೇಡಂ. ದಾರೀಲಿ ಕಳೆದ್ರೆ ನಾನು ಮುಳುಗಿಹೋಗ್ತೀನಿ.” ಟೈಲರಮ್ಮ ದನಿ ತಗ್ಗಿಸಿ, ಆ ವಾಚು ಸಂಗ್ರಾಹಕ ಒಪ್ಪಿದ್ದ ಪೂರ್ತಿ ಬೆಲೆ ಹೇಳಿದಳು.

ಅಂಚೆಯಾಕೆ ತಲೆಯೆತ್ತಿ ನೋಡಿದಳು. “ಅಲ್ಲಮ್ಮ, ಒಂದೇ ವಾಚಿಗೆ ಒಂದೇ ಹಾಳೆಯಲ್ಲಿ ಎರಡು ಬೆಲೆ! ಕಳೆದುಹೋದ್ರೆ ಅಷ್ಟು, ತೆರಿಗೆ ಕೇಳಿದ್ರೆ ಇಷ್ಟಾ?”

ಹಿಂದೆ ನಿಂತಿದ್ದವರೊಬ್ಬರು ಕಿಸಕ್ಕನೆ ನಕ್ಕರು. ಟೈಲರಮ್ಮನ ಕಿವಿ ಬಿಸಿಯಾಯಿತು. ಅಂಚೆಯಾಕೆ ನಗಲಿಲ್ಲ. ಫಾರಂ ಹಿಂದಕ್ಕೆ ಕೊಟ್ಟು, “ಊಟದ ಹೊತ್ತಿಗೆ ಹಿಂದಿನ ಕೋಣೆಗೆ ಬನ್ನಿ. ಇದನ್ನ ನಾನು ತಗೊಂಡ್ರೆ ನಿಮಗೆ ಕೆಟ್ಟದ್ದು ಮಾಡಿದ ಹಾಗಾಗುತ್ತೆ” ಎಂದಳು.

ಹಿಂದಿನ ಕೋಣೆಯಲ್ಲಿ ಚೀಲಗಳ ರಾಶಿ, ಒಂದು ತೂಕದ ಯಂತ್ರ, ಎರಡು ಸ್ಟೂಲು. ವಾಚನ್ನು ಪಾಲಿಶಿಗೆ ಕೊಟ್ಟು ಅರ್ಜೆಂಟೂ ಬಂದು ಬಾಗಿಲಿಗೆ ಒರಗಿ ನಿಂತ. ಅಂಚೆಯಾಕೆ ಫಾರಮ್ಮಿನ ಕೊನೆಯ ಸಾಲನ್ನು ತೋರಿಸಿದಳು.

“ಓದಿ. ‘ಮೇಲೆ ಬರೆದದ್ದೆಲ್ಲ ನಿಜ.’ ಇದರ ಕೆಳಗೆ ಸಹಿ ಯಾರದು?”

“ನಂದು.”

“ಅಲ್ಲಿಯ ಸುಂಕದವರು ಪೆಟ್ಟಿಗೆ ಬಿಚ್ಚಿ ನೋಡಿದ್ರೆ, ನಿಮ್ಮ ಗಿರಾಕಿ ‘ನಂಗೇನೂ ಗೊತ್ತಿಲ್ಲ, ಬರೆದವರು ಅವರು’ ಅಂತಾನೆ. ವಾಚು ಅಲ್ಲೇ ಹಿಡಿದಿಟ್ಟುಕೊಳ್ಳಬಹುದು. ದಂಡ ಬೀಳಬಹುದು. ಕಳೆದುಹೋದ್ರೆ ವಿಮೆಯವರು ಕೊಡೋದು ಗೋಡೆ ಗಡಿಯಾರದ ಬೆಲೆ. ದುಡ್ಡು ತರೋ ಆ ಪರಿಚಯದವರು ಬರದೇ ಇದ್ರೆ? ಯಾರ ಹತ್ರ ಹೋಗಿ ಕೇಳ್ತೀರಿ, ಉಡುಗೊರೆ ಕೊಟ್ಟೆ ದುಡ್ಡು ಬರ್ಲಿಲ್ಲ ಅಂತಲಾ?”

ಟೈಲರಮ್ಮ ಫಾರಮ್ಮನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಉತ್ತರ ಕೊಟ್ಟದ್ದು ತಮ್ಮ.

“ಮೇಡಂ, ನಾವೇನು ಅಂಗಡಿ ಇಟ್ಟಿದ್ದೀವಾ? ಮನೇಲಿದ್ದ ಬಳಸಿದ ವಸ್ತು. ಒಂದು ಸಲ ಮಾರ್ತೀವಿ. ಅದಕ್ಕೂ ತೆರಿಗೆ ಅಂದ್ರೆ ಉಸಿರಾಡೋದಕ್ಕೂ ಕಟ್ಬೇಕಾಗುತ್ತೆ!”

“ಉಸಿರನ್ನ ಯಾರೂ ಕೊಂಡುಕೊಳ್ಳಲ್ಲ ಬಿಡಿ, ನಿಮ್ಮದಂತೂ ಸಿಕ್ಕಾಪಟ್ಟೆ ಖರ್ಚಾಗ್ತಿದೆ” ಎಂದಳು ಅಂಚೆಯಾಕೆ. ಟೈಲರಮ್ಮ ಆ ದಿನ ನಕ್ಕಿದ್ದು ಆಗ ಮಾತ್ರ. ಅಂಚೆಯಾಕೆ ಮುಂದುವರಿಸಿದಳು. “ಕೇಳಿ. ಇಲ್ಲಿ ಎರಡು ತೆರಿಗೆ ಇವೆ, ಬೆರೆಸ್ಬೇಡಿ. ಆ ದೇಶಕ್ಕೆ ವಸ್ತು ಒಳಗೆ ಹೋಗುವಾಗಿನ ಸುಂಕ ಒಂದು. ಅದನ್ನ ಸಾಮಾನ್ಯವಾಗಿ ಕೊಳ್ಳೋನು ಕಟ್ತಾನೆ. ಯಾರು ಕಟ್ಟೋದು ಅಂತ ಮೊದಲೇ ಬರವಣಿಗೇಲಿ ಮಾತಾಡ್ಕೊಳ್ಳಿ. ಇನ್ನೊಂದು, ಮಾರಿದವರಿಗೆ ಬಂದ ಲಾಭದ ಮೇಲಿನದು. ಪೂರ್ತಿ ಬೆಲೆ ಮೇಲಲ್ಲ, ಲಾಭದ ಮೇಲೆ. ಮನೆಬಳಕೆಯ ಎಷ್ಟೋ ವಸ್ತುಗಳಿಗೆ ವಿನಾಯಿತಿ ಇರುತ್ತೆ, ಬೆಲೆಬಾಳೋ ಕೆಲವಕ್ಕೆ ಇರಲ್ಲ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಅದನ್ನ ಹೇಳೋಕೆ ನಾನು ಯಾರು? ತೆರಿಗೆ ಕಚೇರೀಲಿ ಸಲಹೆಯ ಕಿಟಕಿ ಇದೆ, ಕೇಳೋದಕ್ಕೆ ಕಾಸಿಲ್ಲ. ಆದ್ರೆ ಅವರು ಕೇಳೋದನ್ನ ಒಯ್ಯಬೇಕು. ವಾಚು ನಿಮ್ಮ ಯಜಮಾನ್ರಿಗೆ ಯಾವಾಗ ಬಂತು? ಎಷ್ಟಕ್ಕೆ? ರಿಪೇರಿಗೆ ಏನೇನು ಹಾಕಿದ್ರು?”

“ರಸೀದಿ ಇಲ್ಲ ಮೇಡಂ. ಅವರ ಹತ್ರ ಒಂದು ನೋಟ್‌ಬುಕ್ ಇತ್ತು, ಅದು ಇದೆ. ಆಮೇಲೆ…” ಟೈಲರಮ್ಮ ಮಾತು ಅಲ್ಲಿಗೇ ನಿಲ್ಲಿಸಿದಳು. ತಮ್ಮನತ್ತ ತಿರುಗಿದಳು. “ಆಮೇಲೆ ಮುಚ್ಚಳ.”

ಗಡಿಯಾರ ರಿಪೇರಿಯವರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದಾಗ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಾರೀಕನ್ನೂ ತಮ್ಮದೊಂದು ಗುರುತನ್ನೂ ಗೀಚಿಡುತ್ತಾರೆ. ಮುಂದೆ ತೆರೆದವನಿಗೆ ತಿಳಿಯಲಿ ಎಂದು. ಅವಳ ಗಂಡ ಆ ವಾಚನ್ನು ಬಿಚ್ಚಿದ ಪ್ರತಿ ಸಲವೂ ಗೀಚಿದ್ದ, ಕೊಂಡ ದಿನದಿಂದ ಹಿಡಿದು. ಅದೇ ಗುರುತು, ಅದೇ ತಾರೀಕು ನೋಟ್‌ಬುಕ್ಕಿನಲ್ಲೂ, ಖರ್ಚಿನ ಸಮೇತ.

“ಲೋ, ವಾಚೆಲ್ಲೋ?”

ಅರ್ಜೆಂಟು ಆಗಲೇ ಫೋನು ಹಚ್ಚಿದ್ದ. ಪಾಲಿಶಿನವನು ಎತ್ತಲಿಲ್ಲ. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳುವುದಾದರೂ ಹೇಗೆ? ಇಬ್ಬರೂ ವ್ಯಾನಿಗೆ ಹಾರಿದರು. ದಾರಿಯುದ್ದಕ್ಕೂ ಅವನು ತನ್ನ ಅಡ್ಡಹೆಸರಿಗೆ ತಕ್ಕಂತೆ ಹಾರ್ನ್ ಒತ್ತುತ್ತಲೇ ಓಡಿಸಿದ.

ಅವರು ಒಳಗೆ ನುಗ್ಗಿದಾಗ ಪಾಲಿಶಿನವನು ಮುಚ್ಚಳವನ್ನು ತಿರುಗುವ ಬ್ರಶ್ಶಿಗೆ ಹಿಡಿದಿದ್ದ. ಟೈಲರಮ್ಮ ಕೂಗಿದ್ದು ಅವನಿಗೆ ಕೇಳಲಿಲ್ಲ, ಅವಳೇ ಹೋಗಿ ಸ್ವಿಚ್ಚು ಆರಿಸಿದಳು. ಮುಚ್ಚಳವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮೇಲಿನ ಆರು ಸಾಲು ಹಾಗೇ ಇದ್ದವು. ಏಳನೆಯದು ಹೋಗಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ವಾರ ಗಂಡ ನಡುಗುವ ಕೈಯಲ್ಲಿ ಗೀಚಿದ್ದ ಸಾಲು ಅದು. ಆ ಜಾಗ ಈಗ ಕನ್ನಡಿಯಂತೆ ಹೊಳೆಯುತ್ತಿತ್ತು.

“ಅಕ್ಕ, ನಂಗೆ ಗೊತ್ತಿರ್ಲಿಲ್ಲ” ಎಂದ ತಮ್ಮ.

“ನಂಗೆ ಗೊತ್ತಿತ್ತಲ್ಲೋ” ಎಂದಳು ಅವಳು. “ಗೊತ್ತಿದ್ದೂ ಸುಮ್ಮನಿದ್ದೆ.”

ಮರುದಿನ ತೆರಿಗೆ ಕಚೇರಿಯ ಸಲಹೆಯ ಕಿಟಕಿಯಲ್ಲಿ ಕೂತಿದ್ದ ಮುದುಕರೊಬ್ಬರು ಭೂತಗನ್ನಡಿ ತರಿಸಿ ಮುಚ್ಚಳವನ್ನೂ ನೋಟ್‌ಬುಕ್ಕನ್ನೂ ಜೋಡಿಸಿ ನೋಡಿದರು. ಕೊಂಡ ತಾರೀಕು ತಾಳೆಯಾಯಿತು. ಬಿಡಿಭಾಗಕ್ಕೆ ಹಾಕಿದ ದುಡ್ಡನ್ನೂ ಲಾಭದಿಂದ ಕಳೆಯಬಹುದೆಂದರು. ಗಂಡನಿಂದ ಬಂದ ವಸ್ತುವಾದ್ದರಿಂದ ಅವನು ಕೊಟ್ಟ ಬೆಲೆಯನ್ನೇ ಹಿಡಿಯುವುದು ಇಲ್ಲಿಯ ನಿಯಮ, ಬೇರೆಡೆ ಬೇರೆ ಇರಬಹುದು ಎಂದೂ ತಿಳಿಸಿದರು. ಕಟ್ಟಬೇಕಾದ ತೆರಿಗೆ ಅವಳು ಹೆದರಿದಷ್ಟಿರಲಿಲ್ಲ, ಆದರೆ ಇರಲೇ ಇಲ್ಲವೆಂದೂ ಅಲ್ಲ. ಎಲ್ಲವನ್ನೂ ಹಾಳೆಯ ಮೇಲೆ ಬರೆದು ಮುದ್ರೆ ಒತ್ತಿ ಕೊಟ್ಟರು.

ಆ ಸಂಜೆಯೇ ಸಂಗ್ರಾಹಕನಿಗೆ ಬರೆಸಿದಳು: ನಿಜವಾದ ಬೆಲೆಯನ್ನೇ ಬರೆಯುತ್ತೇನೆ, ದುಡ್ಡು ಬ್ಯಾಂಕಿನ ಮೂಲಕ ಬರಬೇಕು, ನಿಮ್ಮ ದೇಶದ ಸುಂಕ ನಿಮ್ಮದು.

ಒಂಬತ್ತು ದಿನ ಉತ್ತರವಿಲ್ಲ. ಈ ನಡುವೆ ಕೋಣೆಯ ಮಾಲೀಕ ಯಾರನ್ನೋ ಕರೆತಂದು ಗೋಡೆಯಿಂದ ಗೋಡೆಗೆ ಅಳತೆ ಹಿಡಿಸಿದ. ಅವಳು ಹೊಲಿಯುತ್ತಲೇ ಇದ್ದಳು, ಅವರು ಅವಳ ಕಾಲ ಬಳಿಯೇ ಪಟ್ಟಿ ಎಳೆದರು. “ಸತ್ಯ ಹೇಳಿ ಗಿರಾಕಿನ ಓಡಿಸಿದ್ವಿ” ಎಂದು ಅರ್ಜೆಂಟು ಗೊಣಗಿದ. ಅವಳಿಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಆದರೂ ಹಳೆಯ ಫಾರಮ್ಮನ್ನು ಮತ್ತೆ ತೆಗೆಯಲಿಲ್ಲ.

ಹತ್ತನೆಯ ದಿನ ಉತ್ತರ ಬಂತು. ಸುಂಕ ತಾನು ಕಟ್ಟಬೇಕಾದ್ದರಿಂದ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡು ಅವನು ಒಪ್ಪಿದ್ದ. ತೆರಿಗೆ ಕಳೆದು ಉಳಿಯುವುದು ಕೋಣೆಗೆ ತುಸು ಸಾಲದಾಯಿತು. ಅವಳು ತನ್ನ ಎರಡನೆಯ ಹೊಲಿಗೆ ಯಂತ್ರವನ್ನು ಮಾರಿದಳು.

“ಇದಕ್ಕೂ ತೆರಿಗೆನಾ ಅಕ್ಕ?” ಎಂದು ತಮ್ಮ ಹೆದರಿಕೊಂಡೇ ಕೇಳಿದ.

“ಕೊಂಡಿದ್ದಕ್ಕಿಂತ ಕಡಿಮೆಗೆ ಹೋಯ್ತಲ್ಲೋ, ಲಾಭ ಎಲ್ಲಿಂದ ಬರ್ಬೇಕು? ಆದ್ರೂ ಆ ಮುದುಕರನ್ನ ಕೇಳ್ಕೊಂಡೇ ಬಂದಿದ್ದೀನಿ.”

ದುಡ್ಡು ಬ್ಯಾಂಕಿಗೆ ಬಂದ ಮೇಲೆ ಪಾರ್ಸೆಲ್ ಕಿಟಕಿಗೆ ಹೋದಳು. ಅಂಚೆಯಾಕೆ ಹೊಸ ಫಾರಮ್ಮನ್ನು ಸಾಲುಸಾಲಾಗಿ ಓದಿದಳು. ಮಾರಾಟ. ಬಳಸಿದ ಕೈಗಡಿಯಾರ. ಬೆಲೆ, ವಿಮೆ ಎರಡೂ ಒಂದೇ. ಜೊತೆಗೆ ಮಾರಾಟದ ಪತ್ರ.

“ಸಹಿ ಮಾಡುವಾಗ ಕೈ ನಡುಗ್ತಾ?”

“ಇಲ್ಲ ಮೇಡಂ. ಕೊಡುವಾಗ ನಡುಗ್ತಿದೆ.”

“ಒಂದು ನಿಮಿಷ ಇಟ್ಕೊಳ್ಳಿ ಹಾಗಾದ್ರೆ. ಕ್ಯೂ ಕಾಯುತ್ತೆ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ವಾಚು, ಒಡವೆ, ವಾದ್ಯ, ಚಿತ್ರಪಟ ಯಾವುದಾದರೂ ಸರಿ. ಹೊರದೇಶದವರಿಗೆ ಮಾರುವ ದಿನ ಬಂದರೆ ಕೊಳ್ಳುವವನ ಮಾತಿಗೆ ಸಹಿ ಹಾಕಬೇಡಿ. ಅದು ಯಾವಾಗ, ಎಷ್ಟಕ್ಕೆ ಬಂತೆಂದು ತೋರಿಸುವ ಚೀಟಿ, ಗುರುತು, ಗೀಚು ಏನೇ ಇದ್ದರೂ ಅಳಿಸಬೇಡಿ. ಮಾರುವ ಮೊದಲೇ ನಿಮ್ಮೂರಿನ ತೆರಿಗೆ ಕಚೇರಿಗೆ ಹೋಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. ಕಟ್ಟಬೇಕಾದದ್ದನ್ನು ಕಟ್ಟಿ ಉಳಿದದ್ದು ಯಾರ ಹೆದರಿಕೆಯೂ ಇಲ್ಲದೆ ನಿಮ್ಮದು.

ಟೈಲರಮ್ಮ ಇನ್ನು ತನ್ನದೇ ಆಗಲಿದ್ದ ಕೋಣೆಗೆ ಮರಳಿದಾಗ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ತೋಳು ಗಿಡ್ಡವಾದ ಕೋಟೊಂದನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಟೈಲರಮ್ಮ ಬಾಗಿಲು ತೆರೆದು, ದೀಪ ಹಾಕಿ, ಅಳತೆಯ ಟೇಪನ್ನು ಕೊರಳಿನಿಂದ ತೆಗೆದಳು.