ಕಿಂಡಿ ಡಾಕ್ಟರ ಸೊಂಟ

ಮೂಳೆ ಡಾಕ್ಟರು ಬಿದ್ದದ್ದು ಸ್ಕೂಟರಿನಿಂದಲ್ಲ, ಮಹಡಿ ಮೆಟ್ಟಿಲಿನಿಂದಲೂ ಅಲ್ಲ. ನಾಲ್ಕು ಜನರೆದುರು ಹೇಳಿಕೊಂಡರೆ ಮರ್ಯಾದೆ ಉಳಿಯುವಂಥ ಯಾವ ಜಾಗದಿಂದಲೂ ಬೀಳಲಿಲ್ಲ. ತಮಗೆ ಸಿಕ್ಕ ಪ್ರಶಸ್ತಿ ಫಲಕವನ್ನು ತಾವೇ ಗೋಡೆಗೆ ತೂಗುಹಾಕಲು ಹೋಗಿ ಅಡುಗೆಮನೆಯ ಸ್ಟೂಲಿನಿಂದ ಬಿದ್ದರು.

ಆ ಫಲಕ ಬಂದದ್ದಾದರೂ ಯಾತಕ್ಕೆ ಅಂತೀರಿ? ಮುರಿದ ಸೊಂಟವನ್ನು ಹೆಚ್ಚು ಕೊಯ್ಯದೆ ಸರಿಮಾಡುವ ಕೈಚಳಕಕ್ಕೆ! ತೊಡೆಯ ಎಲುಬಿನ ಗುಂಡು ಕೂತು ತಿರುಗಲು ಸೊಂಟದಲ್ಲಿ ಒಂದು ಬಟ್ಟಲಿದೆ. ಅದು ಒಡೆದರೆ ಹಿಂದೆಲ್ಲ ಗೇಣುದ್ದ ಕೊಯ್ದು, ಮಾಂಸ ಸರಿಸಿ, ಕಣ್ಣಾರೆ ಕಂಡು ಚೂರುಗಳನ್ನು ಕೂಡಿಸಬೇಕಿತ್ತು. ನಮ್ಮ ಡಾಕ್ಟರು ಚರ್ಮದಲ್ಲಿ ಒಂದೆರಡು ಕಿಂಡಿ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಲೇ ಉದ್ದನೆಯ ಸ್ಕ್ರೂ ತೂರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಹಾಗಾಗಿ ಆಸ್ಪತ್ರೆಯಲ್ಲಿ ಅವರ ಬೆನ್ನ ಹಿಂದಿನ ಹೆಸರು ಕಿಂಡಿ ಡಾಕ್ಟ್ರು. ಇದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಮುಖ ಮಾಡಿಕೊಂಡು ಒಳಗೊಳಗೇ ಉಬ್ಬುತ್ತಿದ್ದರು.

"ಬಡಗಿಯನ್ನ ಕರೀರಿ," ಅಂದಿದ್ದಳು ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ತಪ್ಪು ಲೆಕ್ಕ ದೂರದಿಂದಲೇ ಅವಳ ಕಣ್ಣಿಗೆ ಬೀಳುತ್ತದೆ.

"ಲೇ, ಕಣ್ಣಿಗೆ ಕಾಣದ ಮೂಳೆಗೇ ಸ್ಕ್ರೂ ಹಾಕೋನು ನಾನು. ಕಣ್ಣೆದುರಿಗಿರೋ ಗೋಡೆಗೆ ಬಡಗಿ ಬೇಕಾ?"

ಮಾತು ಮುಗಿಯಿತು, ಸ್ಟೂಲು ವಾಲಿತು. ನೆಲದ ಮೇಲೆ ಎಡಮಗ್ಗುಲಾಗಿ ಬಿದ್ದವರಿಗೆ ಎಕ್ಸ್‌ರೇ ತೆಗೆಸುವ ಮೊದಲೇ ಏನು ಮುರಿದಿದೆಯೆಂದು ತಿಳಿದುಹೋಯಿತು. ಫಲಕಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಅವರ ಎದೆಯ ಮೇಲೆ ಹಾಯಾಗಿ ಮಲಗಿತ್ತು.

ಆಸ್ಪತ್ರೆಯಲ್ಲಿ ಅವರನ್ನು ನೋಡಿದವಳು ಅವರ ಶಿಷ್ಯೆ. ಅವರ ಕೈಕೆಳಗೇ ಕಲಿತು, ಈಗ ಅದೇ ವಿಭಾಗದಲ್ಲಿ ಸರ್ಜನ್ ಆಗಿರುವವಳು. ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಸರ್, ಗುಂಡು ಬಟ್ಟಲನ್ನ ಒಡ್ಕೊಂಡು ಒಳಕ್ಕೆ ನುಗ್ಗಿದೆ. ಚೂರು ಚೆನ್ನಾಗೇ ಸರಿದಿದೆ. ತೆರೆದೇ ಕೂಡಿಸೋಣ ಅನ್ಸುತ್ತೆ."

"ತೆರೆಯೋದಾ? ನನ್ನನ್ನಾ?" ಡಾಕ್ಟರು ಹಾಸಿಗೆಯಿಂದ ಏಳಲು ಹೋಗಿ, ಅಯ್ಯಯ್ಯೋ ಎಂದು ಮತ್ತೆ ಒರಗಿದರು. "ಏನಮ್ಮಾ, ಊರವರಿಗೆಲ್ಲ ಕಿಂಡಿ, ನನಗೆ ಮಾತ್ರ ಹೆಬ್ಬಾಗಿಲಾ? ನಾಳೆ ಯಾವ ಮುಖ ಇಟ್ಕೊಂಡು ಕಿಂಡಿ ಬಗ್ಗೆ ಭಾಷಣ ಮಾಡ್ಲಿ ನಾನು?"

"ಭಾಷಣ ಕೂತ್ಕೊಂಡೂ ಮಾಡಬಹುದು ಸರ್. ಆಪರೇಷನ್ ನಿಂತೇ ಮಾಡಬೇಕು."

ಬಟ್ಟಲು ಏರುಪೇರಾಗಿ ಕೂಡಿಕೊಂಡರೆ ಏನಾಗುತ್ತದೆಂದು ಡಾಕ್ಟರಿಗಿಂತ ಚೆನ್ನಾಗಿ ಬಲ್ಲವರು ಯಾರು? ಗುಂಡು ಸವೆಯುತ್ತದೆ, ನಡಿಗೆ ಕುಂಟುತ್ತದೆ, ಆಪರೇಷನ್ ಮೇಜಿನ ಪಕ್ಕ ಗಂಟೆಗಟ್ಟಲೆ ನಿಲ್ಲುವ ಮಾತು ಮುಗಿದ ಹಾಗೆಯೇ. ನಿಲ್ಲಲಾಗದ ಸರ್ಜನ್ನು ಯಾವ ಕೆಲಸಕ್ಕೆ? ಇಷ್ಟೆಲ್ಲ ಗೊತ್ತಿದ್ದೂ ಅವರು ಹಟ ಬಿಡಲಿಲ್ಲ. ಮೊದಲು ಕಾಲು ಎಳೆದು ನೋಡು, ಚೂರು ಜಾಗಕ್ಕೆ ಬಂದರೆ ಕಿಂಡಿ, ಬಾರದಿದ್ದರೆ ನಿನ್ನಿಷ್ಟ, ಅಂದರು. ಚುನಾವಣೆಗೆ ನಿಂತವರು ಮಾತು ಕೊಡುವಷ್ಟೇ ಧಾರಾಳವಾಗಿ ಮಾತು ಕೊಟ್ಟರು.

ಹೆಂಡತಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ರೀ, ಆ ಕಿಂಡಿ ಕಥೆಯೆಲ್ಲ ನನಗೆ ಬೇಡ. ಮೊದಲಿನ ಹಾಗೆ ನಡೀತೀರೋ ಇಲ್ವೋ, ಅಷ್ಟು ಹೇಳಿ."

"ನಡೀತೀನಿ ಕಣೇ, ನಡೀದೆ ಏನು!" ಅಂದರು. ಉತ್ತರ ಬಂದ ವೇಗ ನೋಡಿಯೇ ಅವಳಿಗೆ ಅನುಮಾನ ಬಂತು. ಉತ್ತರ ಕೊಟ್ಟವರಿಗೂ ಬಂತು.

ಇಲ್ಲಿ ಅವರ ವಿಭಾಗದ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಪ್ರತಿದಿನ ಬೆಳಗ್ಗೆ ಎಲ್ಲರೂ ಕೂತು ರೋಗಿಗಳ ಎಕ್ಸ್‌ರೇ ನೋಡಿ ಏನು ಮಾಡುವುದೆಂದು ತೀರ್ಮಾನಿಸುತ್ತಿದ್ದರು. ಆದರೆ ಎಕ್ಸ್‌ರೇಯಲ್ಲಿ ರೋಗಿಯ ಹೆಸರಿರುವ ಮೂಲೆಗೆ ಮೊದಲೇ, ಗಾಯದ ಪಟ್ಟಿಗೆ ಅಂಟಿಸುವ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿರಬೇಕು. ಇದನ್ನು ಶುರುಮಾಡಿದವರು ಈ ಡಾಕ್ಟರೇ. "ಹೆಸರು ಕಂಡ್ರೆ ಮೂಳೆ ಕಾಣಲ್ಲ ಕಣ್ರೋ," ಅನ್ನುತ್ತಿದ್ದರು. "ದೊಡ್ಡವರ ಹೆಸರು ಕಂಡ್ರೆ ಕೈ ನಡುಗುತ್ತೆ, ಬೇಕಾದವರ ಹೆಸರು ಕಂಡ್ರೆ ಇಲ್ಲದ ಆಸೆ ಹುಟ್ಟುತ್ತೆ. ಮುಚ್ಚಿ ಅದನ್ನ!"

ಆಪರೇಷನ್ನಿನ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸಿದರು. ಎದೆಯ ಮೇಲೆ ಹಸಿರು ಬಟ್ಟೆ ಅಡ್ಡ ಕಟ್ಟಿದರು. ಡಾಕ್ಟರಿಗೆ ಎಚ್ಚರವಿತ್ತು. ಎಚ್ಚರವಿದ್ದದ್ದೇ ಎಲ್ಲರಿಗೂ ಫಜೀತಿಯಾಯಿತು. ಹಟ ಮಾಡಿ ಎಕ್ಸ್‌ರೇ ಪರದೆಯನ್ನು ತಮಗೂ ಕಾಣುವಂತೆ ತಿರುಗಿಸಿಕೊಂಡರು. ಆಮೇಲೆ ದೀಪ ಸರಿಯಿಲ್ಲ, ಮಿಷನ್ನು ಇನ್ನೂ ವಾಲಬೇಕು, ಕಾಲು ಹಿಡಿದವನು ಊಟ ಮಾಡಿ ಬಂದಿಲ್ಲವೇ, ಎಂದು ಒಂದೇ ಸಮನೆ ವಟಗುಟ್ಟಿದರು.

"ಇವರ ಬಾಯಿಗೂ ಒಂದು ಇಂಜೆಕ್ಷನ್ ಇದ್ದಿದ್ರೆ ಚೆನ್ನಾಗಿತ್ತು," ಅಂದರು ಅರಿವಳಿಕೆ ಡಾಕ್ಟರು. ಇವರ ಹಳೆಯ ಸ್ನೇಹಿತರು, ಆದ್ದರಿಂದ ಯಾರೂ ನಗು ತಡೆದುಕೊಳ್ಳಲಿಲ್ಲ.

ಶಿಷ್ಯೆ ಕಾಲನ್ನು ಎಳೆಸಿದಳು, ತಿರುಗಿಸಿದಳು. ಪರದೆಯಲ್ಲಿ ಗುಂಡು ಅಲುಗಿತು, ತುಸು ಹೊರಬಂತು. ಚೂರು ಮಾತ್ರ ಅಲುಗಲಿಲ್ಲ. ಕೊಕ್ಕೆಯಂಥದ್ದೊಂದನ್ನು ಸಣ್ಣ ಕಿಂಡಿಯಿಂದ ತೂರಿಸಿ ತಳ್ಳಿ ನೋಡಿದಳು. ಮತ್ತೆ ಎಳೆಸಿದಳು. ಅಕ್ಕಿಕಾಳು ತೂರುವಷ್ಟು ಬಿರುಕು ಅಲ್ಲೇ ಉಳಿಯಿತು, ಜಪ್ಪಯ್ಯ ಅಂದರೂ ಮುಚ್ಚಲಿಲ್ಲ.

"ಸಾಕು, ಸಾಕು," ಅಂದರು ಡಾಕ್ಟರು. "ಅಷ್ಟು ಸ್ವಲ್ಪ ಇದ್ರೆ ಏನೂ ಆಗಲ್ಲ. ಸ್ಕ್ರೂ ಹಾಕ್ಬಿಡು."

ಈ ಮಾತನ್ನು ಬೇರೆ ಯಾರಾದರೂ ಅವರೆದುರು ಆಡಿದ್ದರೆ ಆ ಪುಣ್ಯಾತ್ಮನನ್ನು ಕೋಣೆಯಿಂದಾಚೆಗೆ ಅಟ್ಟುತ್ತಿದ್ದರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಟ್ಟಿಸಿಕೊಂಡವರೇ ಇಬ್ಬರು ಅಲ್ಲಿದ್ದರು.

"ಸಿಸ್ಟರ್," ಅಂದಳು ಶಿಷ್ಯೆ, "ಒಂದು ತುಂಡು ಪ್ಲಾಸ್ಟರ್ ತಗೊಂಡು ಪರದೆ ಮೇಲಿರೋ ಹೆಸರಿಗೆ ಅಂಟಿಸಿ."

ನರ್ಸು ಡಾಕ್ಟರ ಮುಖ ನೋಡಿದಳು, ಶಿಷ್ಯೆಯ ಮುಖ ನೋಡಿದಳು, ಅಂಟಿಸಿದಳು.

"ಸರ್, ಇವರು ಯಾರೋ ಒಬ್ಬರು. ನಿಂತು ಕೆಲಸ ಮಾಡೋ ಮನುಷ್ಯ. ಎಳೆದು ನೋಡಾಯ್ತು, ತಳ್ಳಿ ನೋಡಾಯ್ತು. ಈಗ ಏನು ಮಾಡ್ಲಿ?"

ಡಾಕ್ಟರಿಗೆ ಮೊದಲು ರೇಗಿತು. ತಮ್ಮ ಪಾಠವನ್ನು ತಮಗೇ ಒಪ್ಪಿಸುತ್ತಾಳಲ್ಲ! ಆಮೇಲೆ ಪರದೆಯತ್ತ ನೋಡಿದರು. ಹೆಸರು ಮುಚ್ಚಿದರೂ ಸೊಂಟ ಯಾರದೆಂದು ಅವರಿಗೇನು ತಿಳಿಯದೇ? ಆದರೂ ಆ ಬಿಳಿ ತುಂಡಿನ ಪಕ್ಕದಲ್ಲಿ ಬಿರುಕು ದೊಡ್ಡದಾಗಿಯೇ ಕಂಡಿತು. ಅದು ಮೊದಲೂ ಅಷ್ಟೇ ದೊಡ್ಡದಿತ್ತು. ಯಾರೋ ಒಬ್ಬ, ನಿಂತು ಕೆಲಸ ಮಾಡುವವನು, ನಡೆಯುತ್ತಾನೋ ಇಲ್ಲವೋ ಎಂದು ಕೇಳಿಕೊಂಡು ಹೊರಗೆ ಅವನ ಹೆಂಡತಿ ಕಾಯುತ್ತಿದ್ದಾಳೆ. ಒಂದು ಫಲಕದ ಮಾನ ಉಳಿಸಲು ಆ ಬಡಪಾಯಿಯನ್ನು ಕುಂಟಿಸುವುದೇ? ಡಾಕ್ಟರಿಗೆ ನಾಚಿಕೆಯಾಯಿತು. ನಿಜವಾಗಿಯೂ ಭಯವಾಯಿತು.

"ತೆರಿಯಮ್ಮ," ಅಂದರು.

"ಎಷ್ಟು ಸರ್?"

"ಒಳಗೆ ಎಲ್ಲಾ ಕಾಣೋವಷ್ಟು. ನನ್ನ ಮುಖ ನೋಡಿ ಚಿಕ್ಕದು ಮಾಡೋಕೆ ಹೋಗ್ಬೇಡ." ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳೋಣವೆಂದರೆ ಕೈಗಳನ್ನು ಅಕ್ಕಪಕ್ಕದ ಹಲಗೆಗೆ ಕಟ್ಟಿದ್ದರು. ಅರಿವಳಿಕೆ ಡಾಕ್ಟರು ಏನೂ ಕಾಣದವರಂತೆ ಬಟ್ಟೆಯ ತುದಿಯಿಂದ ಒರೆಸಿ, ಪೂರ್ತಿ ನಿದ್ದೆಗೆ ಕಳಿಸುವ ಮಾಸ್ಕನ್ನು ಮೂಗಿನ ಮೇಲಿಟ್ಟರು.

ಗಾಯ ಗೇಣುದ್ದಕ್ಕಿಂತ ತುಸು ಹೆಚ್ಚೇ ಆಯಿತು. ಆಸ್ಪತ್ರೆಯಲ್ಲಿ ಅವರಿಗೆ ಹೆಬ್ಬಾಗಿಲು ಡಾಕ್ಟ್ರು ಎಂದು ಹೊಸ ನಾಮಕರಣವಾಯಿತು. ಇದೂ ಅವರ ಕಿವಿಗೆ ಬಿತ್ತು. ಈ ಸಲ ಉಬ್ಬಲಿಕ್ಕೇನೂ ಇರಲಿಲ್ಲ, ಜೋರಾಗಿ ನಕ್ಕುಬಿಟ್ಟರು. ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕರು.

ವಾಕರ್ ಬಂತು, ಹೋಯಿತು. ಕೋಲು ಬಂತು. ಕೊನೆಗೊಂದು ಬೆಳಗ್ಗೆ ಕೋಲನ್ನು ಗೋಡೆಗೊರಗಿಸಿ, ಮಲಗುವ ಕೋಣೆಯಿಂದ ಅಡುಗೆಮನೆಯವರೆಗೆ ಬರಿಗೈಯಲ್ಲಿ ನಡೆದರು. ಹೆಂಡತಿ ಬಾಗಿಲಲ್ಲಿ ನಿಂತು ಅವರ ಪಾದಗಳನ್ನೇ ನೋಡುತ್ತಿದ್ದಳು, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ನೋಡುವ ಹಾಗೆ.

"ಎಡವೂ ಬಲವೂ ಸಮ ಇದೆ," ಅಂದಳು. ಸೆರಗಿನಿಂದ ಕಣ್ಣೊತ್ತಿಕೊಂಡು, "ಆ ಫಲಕ ಮಂಚದ ಕೆಳಗಿದೆ. ಬಡಗಿಗೆ ಹೇಳ್ಲಾ?" ಅಂದಳು.

"ಅಲ್ಲೇ ಇರ್ಲಿ ಬಿಡೇ. ಫೋನ್ ಕೊಡು ಇಲ್ಲಿ."

ಶಿಷ್ಯೆಗೆ ಫೋನು ಹಚ್ಚಿದರು. ಅವಳು ಎತ್ತಿದ ತಕ್ಷಣ ತಮಾಷೆಯಾಗಿ ಏನೋ ಹೇಳಬೇಕೆಂದು ರಾತ್ರಿಯಿಂದಲೇ ಜೋಡಿಸಿಟ್ಟುಕೊಂಡಿದ್ದರು. ಎಲ್ಲ ಮರೆತುಹೋಯಿತು.

"ಅಮ್ಮಾ," ಅಂದರು. "ಆ ಯಾರೋ ಒಬ್ಬರು ಇದ್ರಲ್ಲ... ನಿಂತಿದಾರೆ."