ಕಾಶವ್ವನ ಎರಡು ಗಡಿಗೆಗಳು

ಪುಣೆಯ ಭವಾನಿ ಪೇಠೆಯ ಕನ್ನಡ ಮಂದಿಯ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಬೇಕಾದರೂ ಮೊದಲು ಕಾಶವ್ವನಿಗೆ ಕರೆ ಹೋಗುತ್ತಿತ್ತು. ಮೂವತ್ತು ವರ್ಷಗಳಿಂದ ಸೂಲಗಿತ್ತಿ. ಅಡ್ಡ ತಿರುಗಿದ ಕೂಸನ್ನೂ ನೇರ ಮಾಡುವ ಕೈ. ಓದು ಬರಹ ಬಾರದ ಆಕೆ ಹೆರಿಗೆಗೊಂದರಂತೆ ಹುಣಸೆ ಬೀಜವನ್ನು ಗಡಿಗೆಗೆ ಹಾಕುತ್ತ ಬಂದಿದ್ದಳು. ಮನೆಗೆ ಬಂದವರಿಗೆಲ್ಲ ಆ ಗಡಿಗೆಯ ದರ್ಶನ ಆಗಲೇಬೇಕು. ಜಂಬವೆನ್ನಿ, ಆದರೆ ದುಡಿದು ಗಳಿಸಿದ ಜಂಬ.

ಆ ಸಲ ಬೆಲ್ಲದ ವ್ಯಾಪಾರಿ ನಿಜಲಿಂಗಪ್ಪನವರ ಸೊಸೆ ಅಂಬಾಳ ಎರಡನೆಯ ಕೂಸೂ ಎಂಟನೆಯ ದಿನಕ್ಕೆ ತೀರಿಕೊಂಡಿತು. ಮೊದಲನೆಯದರಂತೆಯೇ ಬಾಯಿ ಬಿಗಿಯಿತು, ಮೊಲೆ ಹಿಡಿಯಲಿಲ್ಲ, ಮೈ ಸೆಟೆದು ನಿಂತಿತು.

"ಸೆಟಿಗೆವ್ವ ಹಣ್ಯಾಗ ಅಷ್ಟಽ ಬರದಿದ್ಲು," ಎಂದು ಅತ್ತೆ ಸಾವಂತ್ರವ್ವ ಕಣ್ಣೊರೆಸಿಕೊಂಡಳು. ಹಣೆಬರಹ ಬರೆಯುವ ದೇವಿಯ ಮೇಲೆ ಹೊರಿಸಿ ಎಲ್ಲರೂ ಸುಮ್ಮನಾದರು. ಅಂಬಾ ಮಾತ್ರ ಎದೆಹಾಲು ಕಟ್ಟಿದ ನೋವಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗೌರಾಬಾಯಿ ಕಾಶವ್ವನ ಅಣ್ಣನ ಮಗಳು. ಸುದ್ದಿ ಕೇಳಿ ಮರುದಿನವೇ ಬಂದಳು.

"ಅತ್ತಿ, ಹೊಕ್ಕಳಕ್ಕ ನೀ ಹಚ್ಚೂ ಸಗಣಿ ಕುಳ್ಳಿನ ಬೂದ್ಯಾಗಽ ನಂಜು ಅದ."

"ನಿನ್ನ ಹೊಕ್ಕಳಕ್ಕೂ ನಾನಽ ಹಚ್ಚೀನಿ. ಸತ್ತೀಯೇನು?"

"ನಾ ಉಳದೆ. ಸತ್ತವ್ರ ಬೀಜಾನೂ ಈ ಗಡಿಗ್ಯಾಗಽ ಅವಲ್ಲ? ನಾ ಹೇಳಿದ್ದು ನಂಬಬ್ಯಾಡ. ನೀನಽ ಎಣಸಿ ನೋಡು."

ಎರಡು ಹೊಸ ಗಡಿಗೆ ಬಂದವು. ಹೊಕ್ಕಳಬಳ್ಳಿ ಕೊಯ್ಯಲು ಕುಡುಗೋಲು, ಹಚ್ಚಲು ಬೂದಿಯೇ ಆಗಬೇಕೆಂದು ಹಟ ಹಿಡಿದ ಮನೆಗಳ ಬೀಜ ಕರಿಯ ಗಡಿಗೆಗೆ. ತೊಳೆದ ಕೈ, ಕುದಿಸಿದ ಕತ್ತರಿ ಮತ್ತು ದಾರಕ್ಕೆ ಒಪ್ಪಿ ಹೊಕ್ಕಳಿಗೆ ಏನನ್ನೂ ಹಚ್ಚದ ಮನೆಗಳದ್ದು ಕೆಂಪು ಗಡಿಗೆಗೆ. ಹನ್ನೆರಡನೆಯ ದಿನದೊಳಗೆ ಕೂಸು ಹೋದರೆ ಬೀಜ ಹೊರಗೆ. ಸೊಕ್ಕಿನ ಹುಡುಗಿಯ ಸುಳ್ಳು ಬಯಲಾಗಲಿ ಎಂದೇ ಕಾಶವ್ವ ಒಪ್ಪಿದ್ದಳು.

ಒಮ್ಮೆ ಕೆಂಪು ಗಡಿಗೆಯ ಕೂಸೊಂದು ದಿನ ತುಂಬದೆ ಹುಟ್ಟಿ ಹೋಯಿತು. "ಅದು ನಂಜಲ್ಲ ಅತ್ತಿ, ಬಿಡು," ಎಂದಳು ಗೌರಾಬಾಯಿ.

"ಎಣಿಕಿ ಅಂದ್ರ ಎಣಿಕಿ! ನಿನಗ ಬೇಕಾದಾಂಗ ಎಣಸಾಕ ಬರಾಂಗಿಲ್ಲ," ಎಂದು ಕಾಶವ್ವ ಬೀಜ ತೆಗೆದೇ ಬಿಟ್ಟಳು. ಗೌರಾಬಾಯಿಗೆ ನಾಚಿಕೆಯಾಯಿತು.

ವರ್ಷ ತುಂಬಿತು. ಕೆಂಪಿಗೆ ಬಿದ್ದ ಇಪ್ಪತ್ತರಲ್ಲಿ ಹೊರಬಂದದ್ದು ಆ ಒಂದೇ. ಕರಿಯದಕ್ಕೆ ಬಿದ್ದ ಇಪ್ಪತ್ತೆರಡರಲ್ಲಿ ಆರು. ಕಾಶವ್ವ ಮೂರು ಸಲ ಎಣಿಸಿದಳು. ಆಮೇಲೆ ಮೂಲೆಯಲ್ಲಿದ್ದ ಮೂವತ್ತು ವರ್ಷದ ಗಡಿಗೆಯನ್ನು ನೋಡಿದಳು. ಎದೆ ಬಡಿದುಕೊಂಡು ಅತ್ತಳು.

ಅಂಬಾ ಮೂರನೆಯ ಸಲ ಹೆತ್ತಳು, ಹೆಣ್ಣು ಕೂಸು. ಸಾವಂತ್ರವ್ವ ಬಟ್ಟಲಲ್ಲಿ ಬೂದಿ ತಂದಳು.

"ಬ್ಯಾಡ್ರಿ ಸಾವಂತ್ರವ್ವಾರ. ನಾ ಹಚ್ಚಾಂಗಿಲ್ಲ, ಹಚ್ಚಾಕ ಬಿಡೂದೂ ಇಲ್ಲ."

"ಎಷ್ಟ ವರ್ಷ ಹಚ್ಚಿದಾಕಿ ನೀನಽ ಅಲ್ಲೇನು?"

"ಹೌದ್ರಿ. ನಿಮ್ಮ ಮನೀ ಎರಡೂ ಕೂಸಿಗೆ ಈ ಕೈಲೇ ಹಚ್ಚೀನಿ. ಸೆಟಿಗೆವ್ವನ ತಪ್ಪಲ್ಲ, ನನ್ನ ತಪ್ಪು."

ಸಾವಂತ್ರವ್ವನ ಮುಖ ಕಪ್ಪಿಟ್ಟಿತು. "ಈ ಮಾತು ಪೇಠಿಗೆಲ್ಲ ಗೊತ್ತಾದ್ರ ಯಾರೂ ನಿನ್ನ ಕರ್ಯಾಂಗಿಲ್ಲ!"

"ಕರೀದಿದ್ರ ಬ್ಯಾಡ. ಈ ಕೂಸು ಉಳೀಲಿ."

ಹಾಸಿಗೆಯಿಂದ ಅಂಬಾಳ ದನಿ ಬಂತು, ಮದುವೆಯಾಗಿ ಬಂದಮೇಲೆ ಮೊದಲ ಸಲ ಅತ್ತೆಗೆ ಎದುರಾಗಿ: "ಅತ್ತಿಯಾರ, ಬೂದಿ ಒಳಗಿಡ್ರಿ."

ಕಾಶವ್ವ ಹನ್ನೆರಡು ದಿನ ಬಂದು ಕೂಸಿನ ಬಾಯಿ ನೋಡಿದಳು. ಎರಡು ಗಡಿಗೆಗಳ ಎಣಿಕೆಯನ್ನು ಸಾವಂತ್ರವ್ವನಿಗೂ ಹೇಳಿದಳು. ಎಂಟನೆಯ ದಿನ ಅನ್ನ ಮುಟ್ಟಲಿಲ್ಲ. ಕೂಸು ಮಾತ್ರ ಚಪ್ಪರಿಸಿ ಹಾಲು ಕುಡಿಯಿತು.

ಅಕ್ಷರ ಕಲಿಯದ ಹೆಂಗಸು ತನ್ನ ನಂಬಿಕೆಯನ್ನೇ ಪರೀಕ್ಷೆಗಿಟ್ಟಳು, ಬಂದ ಉತ್ತರಕ್ಕೆ ತಲೆಬಾಗಿದಳು. ಓದಿದ ನಮ್ಮಲ್ಲಿ ಎಷ್ಟು ಜನಕ್ಕೆ ಆ ಎದೆಗಾರಿಕೆ ಇದೆ?

ತೊಟ್ಟಿಲ ದಿನ ಸಾವಂತ್ರವ್ವ ಯಾರೂ ಕೇಳದೆಯೇ ಅಡಿಗೆಮನೆಗೆ ಹೋದಳು. ಒಂದು ಹುಣಸೆ ಬೀಜ ತಂದು ಕಾಶವ್ವನ ಅಂಗೈಯಲ್ಲಿಟ್ಟಳು.

"ಕೆಂಪು ಗಡಿಗ್ಯಾಗ ಹಾಕು," ಎಂದಳು.